ಎತ್ತಿನ ಹಲ್ಲು ನೋಡ್ತೀವಿ, ಮನೆ ಗೋಡೆ ಯಾಕೆ ನೋಡಲ್ಲ?

ದನದ ಸಂತೆಗೆ ಒಮ್ಮೆಯಾದರೂ ಹೋದವರಿಗೆ ಇದು ಗೊತ್ತು. ಕಿಲಾರಿ ಜೋಡಿ ಎಷ್ಟೇ ಚೆಂದ ಕಂಡರೂ ಕೊಳ್ಳುವ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಸುಳಿ ನೋಡುತ್ತಾನೆ. ಮಾರುವವನು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನೋಡದೇ ದುಡ್ಡು ಕೊಟ್ಟರೆ ಅವನಿಗೇ ಅನುಮಾನ ಬಂದೀತು.

ಅದೇ ಮನುಷ್ಯ ಜಮಖಂಡಿಯಲ್ಲೋ ಮುಧೋಳದಲ್ಲೋ ಮೂವತ್ತು ಲಕ್ಷದ ಮನೆ ಕೊಳ್ಳುವಾಗ ಏನು ನೋಡುತ್ತಾನೆ? ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆ ಆಗ್ನೇಯಕ್ಕಿದೆಯೋ ಇಲ್ಲವೋ, ಉತಾರ ಯಾರ ಹೆಸರಲ್ಲಿದೆ. ಆಮೇಲೆ ಚಹಾ, ಎಲೆ-ಅಡಿಕೆ, ಸಂಚಕಾರ. ಮುಗೀತು. ಕಾಗದ ನೋಡಿದರು, ವಾಸ್ತು ನೋಡಿದರು, ಮನೆಯನ್ನೇ ಯಾರೂ ನೋಡಲಿಲ್ಲ.

"ನಮ್ಮವರ ಮನಿನ ಐತ್ರಿ, ಎಂಜಿನಿಯರ್‌ನ ಕರ್ಕೊಂಡು ಹೋದ್ರ ಏನ್ ತಿಳ್ಕೊಂಡಾರು?" ಎಂಬ ಸಂಕೋಚ ನಮ್ಮ ಕಡೆ ದೊಡ್ಡದು. ಮಾರುವವರು ದೂರದ ಸಂಬಂಧಿಕರು, ಇಲ್ಲವೇ ಅಪ್ಪನ ಗೆಳೆಯರು. ಕೊಳ್ಳುವ ಮಗ ಅಥವಾ ಮಗಳು ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸದಲ್ಲಿ. ಮನೆ ನೋಡಿದ್ದು ವಿಡಿಯೊ ಕಾಲ್‌ನಲ್ಲಿ. ವಿಡಿಯೊ ಕಾಲ್‌ನಲ್ಲಿ ಹೊಸ ಬಣ್ಣ ಕಾಣುತ್ತದೆ. ತೇವ ಹಿಡಿದ ಗೋಡೆಯ ವಾಸನೆ ಬರುವುದಿಲ್ಲ.

ಅಮೆರಿಕದಲ್ಲಿ ಮನೆ ಕೊಂಡ ಗೆಳೆಯರಿದ್ದರೆ ಕೇಳಿ ನೋಡಿ. ಅಲ್ಲಿ ಬೆಲೆ ಒಪ್ಪಿದ ಮೇಲೆ ಹೋಮ್ ಇನ್‌ಸ್ಪೆಕ್ಟರ್ ಬಂದು ಚಾವಣಿಯಿಂದ ಚರಂಡಿವರೆಗೆ ನೋಡಿ ಫೋಟೊ ಸಮೇತ ವರದಿ ಕೊಡುವುದು ಮಾಮೂಲಿ. ಆ ವೃತ್ತಿಯವರ ಒಂದು ಸಂಘ 1976ರಲ್ಲೇ ಹುಟ್ಟಿದೆ. ನಮ್ಮಲ್ಲಿ ಅಂಥ ಪರವಾನಗಿ ಪಡೆದ ಪ್ರತ್ಯೇಕ ವೃತ್ತಿ ಇಲ್ಲ. ಆದರೆ ಕೆಲಸ ಮಾಡಬಲ್ಲ ಸಿವಿಲ್ ಎಂಜಿನಿಯರ್‌ಗಳು ನಮ್ಮ ನಾಲ್ಕೂ ಊರಲ್ಲಿದ್ದಾರೆ. ನಾವು ಅವರನ್ನು ಮನೆ ಕಟ್ಟುವಾಗ ಕರೆಯುತ್ತೇವೆ, ಕೊಳ್ಳುವಾಗ ಕರೆಯುವುದಿಲ್ಲ ಅಷ್ಟೇ.

ನಮ್ಮ ಕಡೆ ಮನೆ ನೋಡುವಾಗ ಕೇಳಬೇಕಾದ ಪ್ರಶ್ನೆಗಳೂ ಬೇರೆ. ಬೆಂಗಳೂರಿನ ಫ್ಲ್ಯಾಟ್‌ನ ಚೆಕ್‌ಲಿಸ್ಟ್ ಇಲ್ಲಿ ಅರ್ಧವೂ ಕೆಲಸಕ್ಕೆ ಬರುವುದಿಲ್ಲ. ಒಂದೊಂದಾಗಿ ನೋಡೋಣ.

ಎರೆ ನೆಲದ ಬಿರುಕು

ನಮ್ಮ ಬಹುತೇಕ ನೆಲ ಎರೆ. ಕಬ್ಬು, ಜೋಳಕ್ಕೆ ಬಂಗಾರ, ಮನೆಗೆ ಕಾಟ. ಈ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿದ್ದನ್ನು ನೋಡಿದ್ದೀರಲ್ಲ, ಅದೇ ಆಟ ಮನೆಯ ಕೆಳಗೂ ನಡೆದಿರುತ್ತದೆ. ಮನೆಯ ಒಂದು ಮೂಲೆಯಲ್ಲಿ ಬಚ್ಚಲ ನೀರು ಇಂಗುತ್ತಾ, ಇನ್ನೊಂದು ಮೂಲೆ ಒಣಗುತ್ತಾ ಇದ್ದರೆ ಪಾಯ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಗೋಡೆ ಸೀಳುತ್ತದೆ.

ಎಲ್ಲ ಬಿರುಕೂ ಅಪಾಯವಲ್ಲ. ಗಿಲಾವಿನ ಮೇಲೆ ಜೇಡರ ಬಲೆಯ ಹಾಗೆ ಕೂದಲೆಳೆಯ ಗೆರೆಗಳಿದ್ದರೆ ಸಾಮಾನ್ಯವಾಗಿ ಅದು ಗಿಲಾವು ಒಣಗಿದ ಗುರುತು. ಕಿಟಕಿ-ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು, ಒಂದು ತುದಿ ಸಣ್ಣ ಇನ್ನೊಂದು ತುದಿ ಅಗಲ ಇರುವ ಬಿರುಕು, ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ ಬಿರುಕು ಇದ್ದರೆ ಎಂಜಿನಿಯರ್ ಇಲ್ಲದೆ ಮುಂದೆ ಹೋಗಬೇಡಿ. ಬಾಗಿಲು ಚೌಕಟ್ಟಿಗೆ ತಾಗುತ್ತಿದೆಯೇ, ಚಿಲಕ ಸರಿಯಾಗಿ ಬೀಳುತ್ತದೆಯೇ ನೋಡಿ. ನೆಲದ ಮೇಲೆ ಒಂದು ಗೋಲಿ ಇಟ್ಟು ನೋಡಿ. ಬಚ್ಚಲು ಬಿಟ್ಟು ಬೇರೆ ಕೋಣೆಗಳಲ್ಲೂ ಅದು ತಾನೇ ಉರುಳಿ ಹೋದರೆ ಯಾಕೆ ಅಂತ ಕೇಳಿ.

ಕಾಲವೂ ಮುಖ್ಯ. ಬಿರುಕು ಹೆಚ್ಚು ಅಗಲ ಕಾಣುವುದು ಮೇ ತಿಂಗಳಲ್ಲಿ. ತೇವ ಕಾಣುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ದೀಪಾವಳಿಗೆ ಬಣ್ಣ ಹೊಡೆಸಿದ ಮೇಲೆ ಎರಡೂ ಕಾಣುವುದಿಲ್ಲ! ಸಾಧ್ಯವಾದರೆ ಎರಡು ಸಲ ನೋಡಿ. ಆಗದಿದ್ದರೆ ಬಿರುಕಿನ ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರ ಅಳೆದು, ತಾರೀಖು ಬರೆದು ಫೋಟೊ ತೆಗೆದುಕೊಳ್ಳಿ. ವ್ಯವಹಾರದ ಮಾತು ಎರಡು ತಿಂಗಳು ನಡೆದೇ ನಡೆಯುತ್ತದೆ. ಮತ್ತೆ ಅಳೆದಾಗ ಬೆಳೆದಿದ್ದರೆ ಬಿರುಕು ಇನ್ನೂ ಜೀವಂತ ಇದೆ ಎಂದರ್ಥ.

ಮಾರುವವರಿಗೆ ಕೇಳಬೇಕಾದ ನೇರ ಪ್ರಶ್ನೆ: "ಪಾಯಾ ಎಷ್ಟು ಆಳ ತೆಗದೀರಿ? ಗರಸು ಹತ್ತಿತ್ತೋ, ಎರಿ ಮ್ಯಾಲ ಕಟ್ಟೀರೋ?" ಗಟ್ಟಿ ನೆಲ ಸಿಗದ ಕಡೆ ಮೂರು-ಮೂರೂವರೆ ಮೀಟರ್ ಇಳಿಸಿ ಬುಡದಲ್ಲಿ ಅಗಲ ಮಾಡಿದ ಕಂಬದ ಪಾಯ ಹಾಕುವ ಪದ್ಧತಿ ಇದೆ. ಹಾಕಿದ್ದರೆ ಖರ್ಚು ಮಾಡಿದವರಿಗೆ ಅದು ಚೆನ್ನಾಗಿ ನೆನಪಿರುತ್ತದೆ. ಕಟ್ಟುವಾಗ ತೆಗೆದ ಫೋಟೊ ಇದ್ದರೆ ಕೇಳಿ, ಈಗ ಎಲ್ಲರ ಮೊಬೈಲ್‌ನಲ್ಲೂ ಇರುತ್ತದೆ.

"ನೀರು ಎಲ್ಲಿತನಕ ಬಂದಿತ್ರಿ?"

ಈ ಪ್ರಶ್ನೆಯನ್ನು ಮಾರುವವರಿಗಲ್ಲ, ಓಣಿಯ ಕೊನೆಯ ಕಿರಾಣಿ ಅಂಗಡಿಯವರಿಗೆ ಕೇಳಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿದಾಗ ಮುಧೋಳದ ತಗ್ಗಿನ ಓಣಿಗಳಿಗೂ ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ನದಿ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತ್ತು. ಯಾರ ಮನೆಯ ಎಷ್ಟನೇ ಮೆಟ್ಟಿಲಿಗೆ ನೀರು ಬಂತು ಎಂಬುದು ಓಣಿಯವರಿಗೆ ಬಾಯಿಪಾಠ.

ನೀರು ನಿಂತ ಮನೆ ಕೊಳ್ಳಲೇಬಾರದು ಎಂದಿಲ್ಲ. ಆದರೆ ಬೆಲೆ ಬೇರೆ, ಪರೀಕ್ಷೆ ಬೇರೆ. ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಅಡ್ಡಗೆರೆ ಇದೆಯೇ, ಆ ಗೆರೆಯ ಕೆಳಗೆ ಮಾತ್ರ ಹೊಸ ಗಿಲಾವು ಇದೆಯೇ ನೋಡಿ. ಸ್ವಿಚ್ ಬೋರ್ಡ್ ತೆಗೆಸಿ ಒಳಗೆ ಕೆಸರಿನ ಪುಡಿ ಇದೆಯೇ ನೋಡಿ. ಬಾಗಿಲ ಚೌಕಟ್ಟಿನ ಬುಡಕ್ಕೆ ಚಾವಿಯ ತುದಿ ಒತ್ತಿ. ಮೆತ್ತಗೆ ಒಳಗೆ ಹೋದರೆ ಕೊಳೆತಿದೆ, ಇಲ್ಲವೇ ಗೆದ್ದಲು ತಿಂದಿದೆ.

ಬೀಳಗಿ ಕಡೆ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.6 ಮೀಟರ್. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಅದನ್ನು 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಹಿನ್ನೀರಿನ ಅಂಚಿನ ಊರಲ್ಲಿ ಮನೆ ನೋಡುತ್ತಿದ್ದರೆ, ಆ ಸರ್ವೆ ನಂಬರ್ ಭೂಸ್ವಾಧೀನದ ಅಧಿಸೂಚನೆಯಲ್ಲಿದೆಯೇ ಎಂದು ಸಂಬಂಧಪಟ್ಟ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಪುನರ್ವಸತಿ ಕೇಂದ್ರದ ಮನೆಯಾದರೆ ಹಕ್ಕುಪತ್ರದಲ್ಲಿ ಮಾರಾಟಕ್ಕೆ ಷರತ್ತು ಇದೆಯೇ ಓದಿ. ಇದು ಎಂಜಿನಿಯರ್ ಕೆಲಸವಲ್ಲ, ವಕೀಲರ ಕೆಲಸ. ಆದರೆ ಅದೇ ವಾರದಲ್ಲಿ ಮಾಡಿ.

ಮಾಳಿಗೆ ಮನೆ, ಮಣ್ಣಿನ ಗೋಡೆ, ಹಗೇವು

ಊರೊಳಗಿನ ಹಳೆ ಮನೆಗಳನ್ನು ಕಂಡರೆ ನಮ್ಮ ತಲೆಮಾರಿಗೆ ಆಸೆ. ದಪ್ಪ ಗೋಡೆ, ತಂಪು ಪಡಸಾಲೆ, ಕೆತ್ತನೆಯ ಕಂಬ. ಕೊಳ್ಳಿ, ತಪ್ಪಿಲ್ಲ. ಆದರೆ ಈ ಮನೆಗಳನ್ನು ಕಟ್ಟಿದ್ದು ವರ್ಷಕ್ಕೆ ಐನೂರೈವತ್ತು-ಆರುನೂರು ಮಿಲಿಮೀಟರ್ ಮಳೆಯ ಊರಿಗೆ. 2009ರ ಸೆಪ್ಟೆಂಬರ್ ಕೊನೆಗೆ ಬಿಟ್ಟೂ ಬಿಡದೆ ಮಳೆ ಸುರಿದಾಗ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ನದಿಯ ನೀರು ಮುಟ್ಟದ ಊರಲ್ಲೂ ಕುಸಿದವು.

ಮಾಳಿಗೆ ಮನೆಯಲ್ಲಿ ಮೊದಲು ನೋಡಬೇಕಾದ್ದು ತೊಲೆ-ಜಂತಿಗಳು ಗೋಡೆಯೊಳಗೆ ಸೇರುವ ತುದಿ. ನಡುವೆ ಗಟ್ಟಿ ಇದ್ದು ತುದಿಯಲ್ಲಿ ಪುಡಿಯಾದ ತೊಲೆಗಳು ಬಹಳ. ಮೇಲ್ಮುದ್ದೆ ಎಷ್ಟು ದಪ್ಪವಿದೆ ಅಳೆಯಿರಿ. ಸೋರಿದಾಗಲೆಲ್ಲ ಹಳೆಯದರ ಮೇಲೆ ಹೊಸ ಮಣ್ಣು ಹಾಕುತ್ತಾ ಹೋದರೆ ಭಾರ ಏರುತ್ತಾ ಹೋಗುತ್ತದೆ, ಕೆಳಗಿನ ತೊಲೆ ಅದೇ ಹಳೆಯದು. ಮಣ್ಣಿನ ಗೋಡೆಗೆ ಚೆಂದ ಕಾಣಲಿ ಅಂತ ಸಿಮೆಂಟ್ ಗಿಲಾವು ಹಾಕಿದ್ದರೆ ತುಸು ಜಾಗದಲ್ಲಿ ತಟ್ಟಿ ನೋಡಿ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಸಡಿಲಾಗಿರುತ್ತದೆ, ಡೊಳ್ಳು ಸದ್ದು ಬರುತ್ತದೆ.

ನೆಲವನ್ನೂ ತಟ್ಟಿ. ಹಳೆ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ಪಡಸಾಲೆಯ ಕೆಳಗೋ ಮನೆಯ ಮುಂದೆಯೋ ಇರಬಹುದು. ಮುಚ್ಚಿ, ಮೇಲೆ ಫರ್ಸಿ ಹಾಕಿ, ಎರಡು ತಲೆಮಾರಿಗೆ ಮರೆತೇ ಹೋಗಿರುತ್ತದೆ. ಅದರ ಮೇಲೆ ಹೊಸ ಗೋಡೆಯನ್ನೋ ನೀರಿನ ಟಾಕಿಯನ್ನೋ ಕಟ್ಟಿದರೆ ಏನಾಗುತ್ತದೆ ಊಹಿಸಿ. ಮನೆಯ ಹಿರಿಯ ಅಜ್ಜಿಯನ್ನು ಕೇಳಿ, ಅವರಿಗೆ ಜಾಗ ಗೊತ್ತಿರುತ್ತದೆ. ಹಗೇವಿನ ಬಾಯಿ ತೆರೆದರೆ ಕುತೂಹಲಕ್ಕೆ ಒಳಗೆ ಇಳಿಯಬೇಡಿ, ಕೆಳಗೆ ಉಸಿರಾಡಲು ಗಾಳಿ ಇರದೇ ಇರಬಹುದು.

ಇನ್ನೊಂದು, ನಡುಗೋಡೆ. ಹಳೆ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುವುದುಂಟು. ನಾಳೆ ಪಕ್ಕದವರು ತಮ್ಮದನ್ನು ಕೆಡವಿ ಆರ್‌ಸಿಸಿ ಕಟ್ಟಲು ಹೊರಟರೆ ನಿಮ್ಮ ತೊಲೆಗಳಿಗೆ ಆಸರೆ ಯಾವುದು? ಗೋಡೆ ಯಾರದು ಎಂದು ಈಗಲೇ ಕೇಳಿ, ಕಾಗದದಲ್ಲಿ ಬರೆಸಿ.

ಮಗ್ಗ ಇದ್ದ ಮನೆ

ರಬಕವಿ-ಬನಹಟ್ಟಿಯಲ್ಲಿ ಮನೆ ಅಂದ್ರೆ ಕಾರ್ಖಾನೆಯೂ ಹೌದು. ನೇಕಾರಿಕೆ ಬಿಟ್ಟು ಮನೆ ಮಾರುತ್ತಿರುವವರು ಇದ್ದಾರೆ, ಮಗ್ಗ ತೆಗೆದ ಜಾಗದಲ್ಲಿ ಟೈಲ್ಸ್ ಹಾಕಿಸಿರುತ್ತಾರೆ. ಕೈಮಗ್ಗದ ಕುಣಿ ಇದ್ದರೆ ಯಾವುದರಿಂದ ತುಂಬಿದ್ದಾರೆ, ಗಟ್ಟಿಯಾಗಿ ಬಡಿದು ತುಂಬಿದ್ದಾರೆಯೇ ಕೇಳಿ. ಬರೀ ಕಸ-ಮಣ್ಣು ಸುರಿದಿದ್ದರೆ ಆ ಟೈಲ್ಸ್ ಒಂದೆರಡು ವರ್ಷದಲ್ಲಿ ಕೂರುತ್ತವೆ.

ವಿದ್ಯುತ್ ಮಗ್ಗ ವರ್ಷಗಟ್ಟಲೆ ಓಡಿದ ಮನೆಯಲ್ಲಿ ಅದರ ಅದುರು ಗೋಡೆ-ನೆಲ ಸೇರುವ ಸಂದಿಯಲ್ಲಿ, ಮಗ್ಗದ ಪಕ್ಕದ ಗೋಡೆಯಲ್ಲಿ ಕಾಣುತ್ತದೆ. ಮೀಟರ್ ಯಾವ ಬಗೆಯದು, ಮಗ್ಗದ ಸಂಪರ್ಕವೋ ಮನೆಬಳಕೆಯದೋ, ಆ ಆರ್‌ಆರ್ ನಂಬರ್ ಮೇಲೆ ಹೆಸ್ಕಾಂ ಬಾಕಿ ಇದೆಯೇ ನೋಡಿ. ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಪಕ್ಕದ ಮನೆಯಲ್ಲಿ ಇನ್ನೂ ಮಗ್ಗ ಓಡುತ್ತಿದ್ದರೆ ವಾರದ ದಿನ ಹೋಗಿ ಒಂದು ತಾಸು ಕೂತು ಬನ್ನಿ. ಭಾನುವಾರ ಹೋದರೆ ಗೊತ್ತಾಗುವುದಿಲ್ಲ.

ಹೊಸ ಲೇಔಟ್‌ನ ಆರ್‌ಸಿಸಿ ಮನೆ

ಹೊಸದು ಅಂದ ತಕ್ಷಣ ಕಣ್ಣು ಮುಚ್ಚುವ ಹಾಗಿಲ್ಲ. ಕಾಲುವೆ ನೀರು, ಕಬ್ಬು ಬಂದಮೇಲೆ ನಮ್ಮ ಭಾಗದ ಎಷ್ಟೋ ಭೂಮಿ ಸವಳು-ಜವಳಾಗಿದೆ. ಇಂಥ ನೆಲದಲ್ಲಿ ಎದ್ದ ಲೇಔಟ್‌ಗಳಲ್ಲಿ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಉಕ್ಕುತ್ತದೆ, ಬಣ್ಣ ಪದರು ಪದರಾಗಿ ಏಳುತ್ತದೆ. ಮತ್ತೆ ಬಣ್ಣ ಬಳಿದರೆ ಹೋಗುವ ರೋಗ ಅದಲ್ಲ. ಪಾಯದ ಮೇಲೆ ತೇವ ತಡೆಯುವ ಪದರ ಹಾಕಿದ್ದಾರೆಯೇ ಎಂಬುದೇ ಪ್ರಶ್ನೆ.

"ಯಾವ ಬೋರಿನ ನೀರಿಂದ ಕಟ್ಟೀರಿ?" ಎಂದೂ ಕೇಳಿ. ಕಬ್ಬಿಣ ಇರುವ ಕಾಂಕ್ರೀಟ್‌ಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ ಐಎಸ್ 456. ಉಪ್ಪು ನೀರಲ್ಲಿ ಕಲಸಿದ ಸ್ಲ್ಯಾಬ್ ಮೊದಲು ಚೆನ್ನಾಗಿಯೇ ಇರುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸಿಡಿಸಲು ಕೆಲವು ವರ್ಷ ಬೇಕು. ಅಷ್ಟರಲ್ಲಿ ನೀವು ಮಾಲೀಕರಾಗಿರುತ್ತೀರಿ. ಬಚ್ಚಲಿನ ಸ್ಲ್ಯಾಬ್, ಸಜ್ಜಾದ ಕೆಳಭಾಗ, ಟಾಕಿಯ ಬುಡದಲ್ಲಿ ಕಂದು ಕಲೆ ಇದೆಯೇ ಮೊಬೈಲ್ ಟಾರ್ಚ್ ಹಾಕಿ ನೋಡಿ. ಅನುಮಾನ ಬಂದರೆ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆಗಳಿವೆ. ಒಡೆಯದೆಯೇ ಕಾಂಕ್ರೀಟ್‌ನ ಸ್ಥಿತಿ ಅಂದಾಜು ಮಾಡುತ್ತವೆ.

ಚಾವಣಿ ಸೋರುವುದೇ ಎಂದು ನೋಡಲು ಹಳೆಯ ಉಪಾಯ: ಹೊರಹೋಗುವ ಪೈಪು ಮುಚ್ಚಿ, ಎರಡು ಬೆರಳು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗೆ ನೋಡುವುದು. ಇದು ಗಟ್ಟಿ ಇರುವ ಆರ್‌ಸಿಸಿ ಚಾವಣಿಗೆ ಮಾತ್ರ, ಮಾರುವವರ ಒಪ್ಪಿಗೆ ಪಡೆದು. ಮಣ್ಣಿನ ಮಾಳಿಗೆ ಮೇಲೆ ಈ ಪ್ರಯೋಗ ಮಾಡಿ ನನ್ನನ್ನು ಬೈಯಬೇಡಿ!

ಯಾರನ್ನು ಕರೆಯಬೇಕು?

"ಬ್ಯಾಂಕಿನವರು ಬಂದು ನೋಡಿ ಹೋಗ್ಯಾರಲ್ರಿ" ಎಂಬ ಸಮಾಧಾನ ಸಾಲದು. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಕೊಟ್ಟ ಸಾಲಕ್ಕೆ ಆಸ್ತಿಯ ಬೆಲೆ ಸಾಕೇ ಎಂದು. ಜಾಗದ ಬೆಲೆಯೇ ಸಾಕಷ್ಟಿದ್ದರೆ ಗೋಡೆಯ ಬಿರುಕು ಅವರ ತಲೆನೋವಲ್ಲ.

ಒಬ್ಬ ಸಿವಿಲ್ ಎಂಜಿನಿಯರ್ ಬೇಕು. ಮನೆ ಎರಡು-ಮೂರು ಅಂತಸ್ತಿನದಾದರೆ ಸ್ಟ್ರಕ್ಚರಲ್ ಕೆಲಸ ಗೊತ್ತಿರುವವರು. ಅವರು ದಲ್ಲಾಳಿಯ ಪರಿಚಯದವರಾಗಿರಬಾರದು, ಆ ಮನೆ ಕಟ್ಟಿದವರೂ ಆಗಿರಬಾರದು. ಶುಲ್ಕ ಮೊದಲೇ ಮಾತಾಡಿ, ಮನೆ ಕೊಂಡರೂ ಬಿಟ್ಟರೂ ಅಷ್ಟೇ ಕೊಡುತ್ತೇನೆ ಎನ್ನಿ. ಬಾಯಿಮಾತು ಬೇಡ, ಎರಡು ಪುಟವಾದರೂ ಬರೆದು, ಫೋಟೊ ಹಚ್ಚಿ, ಸಹಿ ಮಾಡಿ ಕೊಡಲಿ. ಹಳೆ ಕಲ್ಲು-ಮಣ್ಣಿನ ಮನೆಯಾದರೆ ಜೊತೆಗೆ ಒಬ್ಬ ವಯಸ್ಸಾದ ಗೌಂಡಿಯನ್ನೂ ಕರೆದುಕೊಳ್ಳಿ. ಎಂಜಿನಿಯರಿಂಗ್ ಪುಸ್ತಕದಲ್ಲಿ ಮೇಲ್ಮುದ್ದೆಯ ಪಾಠ ಇರುವುದಿಲ್ಲ, ಅವರ ಕೈಗೆ ಗೊತ್ತಿರುತ್ತದೆ.

ಖರ್ಚು ಹೆಚ್ಚಾಯಿತು ಅನ್ನಿಸಿದರೆ ಈ ಲೆಕ್ಕ ನೋಡಿ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 2. ಮೂವತ್ತು ಲಕ್ಷದ ಮನೆಗೆ ಅದೊಂದೇ 60 ಸಾವಿರ, ಮುದ್ರಾಂಕ ಶುಲ್ಕ ಬೇರೆ. ಎಂಜಿನಿಯರ್ ಒಬ್ಬರ ಒಂದು ದಿನದ ಶುಲ್ಕ ಇದರ ಮುಂದೆ ಸಣ್ಣದು.

ಕಾನೂನು ಎಷ್ಟರಮಟ್ಟಿಗೆ ಕಾಯುತ್ತದೆ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಒಂದು ಒಳ್ಳೆಯ ಮಾತು ಹೇಳುತ್ತದೆ. ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ದೊಡ್ಡ ದೋಷವನ್ನು ಮಾರುವವರು ತಿಳಿಸಲೇಬೇಕು. ಇದರ ಇನ್ನೊಂದು ಮುಖ ಗಮನಿಸಿ. ಸಾಮಾನ್ಯ ಎಚ್ಚರಿಕೆಯಿಂದ ಕಾಣಬಹುದಾದ ದೋಷ ನಿಮ್ಮ ಹೊಣೆ. ಗೋಡೆಯ ಮೇಲೆ ಎದ್ದು ಕಾಣುವ ಬಿರುಕು ತೋರಿಸಿ ಆಮೇಲೆ ಜಗಳಕ್ಕೆ ಹೋದರೆ ವಾದ ನಿಲ್ಲುವುದು ಕಷ್ಟ. ಕರಾರಿನಲ್ಲಿ "ಇದ್ದ ಸ್ಥಿತಿಯಲ್ಲಿಯೇ ಒಪ್ಪಿ ಖರೀದಿಸಿದ್ದೇನೆ" ಎಂಬ ಸಾಲು ಇದ್ದರೆ ಇನ್ನೂ ಕಷ್ಟ. ಆ ಸಾಲಿನ ಮೇಲೆ ಬೆರಳಿಟ್ಟು ವಕೀಲರನ್ನು ಕೇಳಿ.

ರೇರಾ ಕಾಯ್ದೆಯಲ್ಲಿ ಕಟ್ಟಡದ ದೋಷವನ್ನು ಐದು ವರ್ಷದವರೆಗೆ ಬಿಲ್ಡರ್ ಪುಕ್ಕಟೆ ಸರಿಪಡಿಸಿಕೊಡಬೇಕು ಎಂದಿದೆ. ಆದರೆ 500 ಚದರ ಮೀಟರ್‌ವರೆಗಿನ ಜಾಗದ, ಇಲ್ಲವೇ ಎಂಟು ಮನೆಗಳವರೆಗಿನ ಯೋಜನೆ ರೇರಾದಲ್ಲಿ ನೋಂದಣಿ ಆಗಬೇಕಿಲ್ಲ. ನಮ್ಮ ಊರುಗಳಲ್ಲಿ ಒಂದೊಂದೇ ಸೈಟಿನಲ್ಲಿ ಕಟ್ಟಿ ಮಾರುವ ಮನೆಗಳಿಗೆ ಆ ಆಸರೆ ನೆಚ್ಚಿಕೊಳ್ಳುವ ಹಾಗಿಲ್ಲ.

ಕಾಗದದ ಕೆಲಸ ಹೇಗೂ ಮಾಡುತ್ತೀರಿ, ಬೇಗ ಹೇಳಿ ಮುಗಿಸುತ್ತೇನೆ: ಕಾವೇರಿ 2.0ರಲ್ಲಿ ಋಣಭಾರ ಪತ್ರ, ಊರೊಳಗಾದರೆ ಸಿಟಿ ಸರ್ವೆ ಉತಾರ, ಲೇಔಟ್ ಆದರೆ ಎನ್‌ಎ ಆದೇಶ, ಪಟ್ಟಣ ವ್ಯಾಪ್ತಿಯಲ್ಲಿ ಇ-ಖಾತಾ, ಹಳ್ಳಿಯಲ್ಲಿ ಇ-ಸ್ವತ್ತು. ಮನೆಯ ಅಳತೆ ಟೇಪ್ ಹಿಡಿದು ಅಳೆಯಿರಿ, ಉತಾರದ ಅಳತೆಗೆ ಹೋಲಿಸಿ. ಇದನ್ನು ಎಂಜಿನಿಯರ್ ಬಂದ ದಿನವೇ ಮಾಡಿಸಿಬಿಡಿ.

ಮಾರುವವರಿಗೂ ಒಂದು ಮಾತು

ಅಪ್ಪನ ಮನೆ ಮಾರಲು ಹೊರಟ ಓದುಗರೂ ನಿಮ್ಮಲ್ಲಿದ್ದೀರಿ. ನೀವೇ ಮೊದಲು ಪರೀಕ್ಷೆ ಮಾಡಿಸಿ ವರದಿ ಕೈಯಲ್ಲಿಟ್ಟುಕೊಂಡರೆ ಲಾಭ ನಿಮ್ಮದೇ. ಸಣ್ಣ ದುರಸ್ತಿ ಮಾಡಿಸಿ ಬಿಲ್ ಇಡಿ. ದೊಡ್ಡದನ್ನು ಮುಚ್ಚದೆ ಹೇಳಿ, ಬೆಲೆಯಲ್ಲಿ ಹಿಡಿದುಕೊಳ್ಳಿ. ಬಿರುಕಿಗೆ ಪುಟ್ಟಿ ಮೆತ್ತಿ ಮಾರಿದ ಮನೆಯ ಮಾತು ಮದುವೆ-ಮುಂಜಿಯಲ್ಲಿ ಹತ್ತು ವರ್ಷ ಕೇಳಿಸುತ್ತದೆ. ಊರು ಸಣ್ಣದು.

ಸಂಚಕಾರಕ್ಕೆ ಮುಂಚೆ

ಕ್ರಮ ಇಷ್ಟೇ. ಬೆಲೆ ಬಾಯಿಮಾತಲ್ಲಿ ಒಪ್ಪಿ. "ಎಂಜಿನಿಯರ್ ನೋಡಿ ಹೋಗಲಿ, ಆಮ್ಯಾಲ ಸಂಚಕಾರ ಕೊಡ್ತೀವಿ" ಎನ್ನಿ. ಮೊದಲೇ ಕೊಡಲೇಬೇಕಾಗಿ ಬಂದರೆ, ಪರೀಕ್ಷೆಯಲ್ಲಿ ದೊಡ್ಡ ದೋಷ ಕಂಡರೆ ಹಣ ಮರಳಿಸಬೇಕು ಎಂಬ ಸಾಲು, ಎಷ್ಟು ದಿನದೊಳಗೆ ಎಂಬ ತಾರೀಖು ಸಮೇತ ಕರಾರಿನಲ್ಲಿ ಬರೆಸಿ.

ವರದಿ ಬಂದ ಮೇಲೆ ದೋಷಗಳನ್ನು ಮೂರು ಗುಂಪು ಮಾಡಿ. ನಲ್ಲಿ, ಬಣ್ಣ, ವೈರಿಂಗ್‌ನಂಥವು ನಿಮ್ಮ ಖರ್ಚು. ಚಾವಣಿ ಸೋರಿಕೆ, ಗೆದ್ದಲು, ಬುಡದ ತೇವ ಇದ್ದರೆ ದುರಸ್ತಿಯ ಅಂದಾಜು ಬರೆಸಿ ಅಷ್ಟು ಬೆಲೆ ಇಳಿಸಲು ಕೇಳಿ. ಪಾಯ ಅಲುಗುತ್ತಿದ್ದರೆ, ಸ್ಲ್ಯಾಬಿನ ಕಬ್ಬಿಣ ಕೊಳೆತಿದ್ದರೆ, ಜಾಗ ಮುಳುಗಡೆ ಪಟ್ಟಿಯಲ್ಲಿದ್ದರೆ ಕೈಮುಗಿದು ಎದ್ದು ಬನ್ನಿ. ಅಥವಾ ಬರೀ ಜಾಗದ ಬೆಲೆಗೆ ಮಾತಾಡಿ, ಕೆಡವಿ ಕಟ್ಟುವ ಲೆಕ್ಕ ಹಾಕಿ.

ಸಂಕೋಚ ಬಿಡಲು ಒಂದು ಸುಲಭ ದಾರಿ: ಸಾಲ ಕೊಡುವವರ ಮೇಲೆ ಹಾಕದೆ, ಅಪ್ಪ-ಅವ್ವನ ಮೇಲೂ ಹಾಕದೆ ನೀವೇ ಹೇಳಿ. "ಕಾಕಾ, ಈ ಮನಿಗೆ ಇಪ್ಪತ್ತು ವರ್ಷ ಕಂತು ಕಟ್ಟಾಂವ ನಾನು. ಒಂದ್ ದಿನ ನೋಡಿಸ್ತೀನಿ." ನೇರಾಗಿ ಹೇಳಿದ ಈ ಮಾತಿಗೆ ಇಲ್ಲ ಅನ್ನುವ ಕಾಕಾ ನಮ್ಮ ಕಡೆ ಕಡಿಮೆ. ಅಂದರೂ ಸರಿ, ಯಾಕೆ ಅಂದರು ಎಂದು ಯೋಚಿಸಲು ಸಂಚಕಾರ ಇನ್ನೂ ನಿಮ್ಮ ಕಿಸೆಯಲ್ಲೇ ಇರುತ್ತದೆ.